ಆರನೇ ತರಗತಿಯ ವಿಜ್ಞಾನಕ್ಕೆ ಮೊದಲ ದಿನ ಮಕ್ಕಳಿಗೆ ಯಾವ ನಿಯಮಗಳನ್ನು ಹೇಳಬೇಕು? ನೋಟ್ಸ್ ಹೇಗೆ ಬರೆಸಬೇಕು?

ಜೂನ್ ತಿಂಗಳು, ಹೊಸ ಶಾಲೆ, ಪ್ರಯೋಗಾಲಯವಿಲ್ಲ, ನೋಟ್ಸ್ ಬರೆಸುವುದೋ ಚಟುವಟಿಕೆ ಮಾಡಿಸುವುದೋ ತಿಳಿಯುತ್ತಿಲ್ಲ ಎಂದಿದ್ದೀರಿ. ಓದುತ್ತಿದ್ದಂತೆ 2009ರ ನಾನೇ ಕಣ್ಣೆದುರು ಬಂದು ನಿಂತಂತಾಯಿತು.

ಆಗ ಅರಸೀಕೆರೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಸೇರಿದ್ದೆ. ಮೊದಲ ದಿನವೇ ಡ್ರಾಯಿಂಗ್ ಶೀಟಿನ ಮೇಲೆ ಒಂಬತ್ತು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಪುಸ್ತಕಕ್ಕೆ ಬೈಂಡ್ ಹಾಕಿರಬೇಕು, ಎಡಗಡೆ ಅಂಚು ಬಿಟ್ಟಿರಬೇಕು, ಪ್ರತಿ ಪ್ರಯೋಗಕ್ಕೂ ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ ಎಂಬ ಐದು ಶೀರ್ಷಿಕೆಗಳಿರಬೇಕು, ಎಲ್ಲಿಯೂ ಚಿತ್ತು ಕಾಟು ಕಾಣಬಾರದು. ಮುಖ್ಯ ಶಿಕ್ಷಕರು ನೋಡಿ ಮೆಚ್ಚಿಕೊಂಡರು. ಕ್ಲಸ್ಟರ್ ಸಭೆಯಲ್ಲಿ ನನ್ನ ತರಗತಿಯ ನೋಟ್ಸ್ ಪುಸ್ತಕಗಳನ್ನು ಬೇರೆ ಶಾಲೆಯವರಿಗೆ ತೋರಿಸಿದರು.

ಇನ್ನು ನನ್ನ ತಪ್ಪಿನ ವಿಷಯ. ಹೊರಗಿನಿಂದ ನೋಡಿದವರಿಗೆ ಅದು ತಪ್ಪೆಂದು ಕಾಣುವುದೇ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಪ್ರಯೋಗ ಮಾಡುವ ಮೊದಲೇ ನಾನು ಬೋರ್ಡಿನ ಮೇಲೆ ವೀಕ್ಷಣೆ, ತೀರ್ಮಾನ ಎರಡನ್ನೂ ಬರೆದಿಡುತ್ತಿದ್ದೆ. ಪೀರಿಯಡ್ ಇರುವುದು 40 ನಿಮಿಷ. ಪ್ರಯೋಗ ಮುಗಿದ ಮೇಲೆ ಬರೆಯಲು ಹೊರಟರೆ ಗಂಟೆ ಹೊಡೆದುಬಿಡುತ್ತದೆ, ಅರ್ಧ ಮಕ್ಕಳ ಪುಸ್ತಕ ಖಾಲಿ ಉಳಿಯುತ್ತದೆ, ತಪಾಸಣೆಗೆ ಬಂದವರು ಆ ಖಾಲಿ ಪುಟವನ್ನೇ ತೆರೆಯುತ್ತಾರೆ. ಬೋರ್ಡಿನಲ್ಲಿ ಇದ್ದರೆ ಮಕ್ಕಳು ನಿಶ್ಚಿಂತೆಯಿಂದ ನಕಲು ಮಾಡಿಕೊಂಡು, ಆಮೇಲೆ ಪ್ರಯೋಗ ನೋಡುತ್ತಾರೆ. ಸಮಯ ಉಳಿಯುತ್ತದೆ, ತಪ್ಪು ಬರೆಯುವುದಿಲ್ಲ, ಪರೀಕ್ಷೆಗೂ ಅನುಕೂಲ. ಹೀಗೆ ಯೋಚಿಸಿದವಳು ನಾನೊಬ್ಬಳೇ ಅಲ್ಲ. ಇಂದಿಗೂ ಎಷ್ಟೋ ತರಗತಿಗಳಲ್ಲಿ ಇದೇ ಪದ್ಧತಿ ಇದೆ.

ಅಂದಿನ ಪಾಠ ಗಾಳಿಯದು. ಬಿಸಿಯೂಟದ ಅಡುಗೆ ಕೋಣೆಯಿಂದ ಸ್ಟೀಲ್ ತಟ್ಟೆ ತಂದು, ಮೇಣವನ್ನು ಕರಗಿಸಿ ಅದರ ಮಧ್ಯೆ ಮೇಣದಬತ್ತಿಯನ್ನು ನಿಲ್ಲಿಸಿ, ಇಂಕ್ ಬೆರೆಸಿದ ನೀರು ಸುರಿದೆ. ಬತ್ತಿ ಹಚ್ಚಿ ಗಾಜಿನ ಲೋಟವನ್ನು ಬೋರಲು ಹಾಕಿದೆ. ಜ್ವಾಲೆ ಸಣ್ಣಗಾಗಿ ಆರಿತು, ನೀಲಿ ನೀರು ಲೋಟದೊಳಗೆ ಏರಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಬೋರ್ಡಿನಲ್ಲಿ ಆಗಲೇ ಬರೆದಿತ್ತು: ಮೇಣದಬತ್ತಿ ಉರಿಯುತ್ತಿದ್ದಂತೆ ಆಮ್ಲಜನಕ ಮುಗಿದು ಆ ಜಾಗಕ್ಕೆ ನೀರು ಏರುತ್ತದೆ, ಲೋಟದ ಐದರಲ್ಲಿ ಒಂದು ಭಾಗ ಏರಿದ್ದರಿಂದ ಗಾಳಿಯಲ್ಲಿ ಆಮ್ಲಜನಕವೂ ಐದರಲ್ಲಿ ಒಂದು ಭಾಗ. ನಾನು ಓದುವಾಗ ಕಲಿತದ್ದೂ ಇದೇ.

ಸಂಜೆ ಪುಸ್ತಕಗಳನ್ನು ತಿದ್ದುವಾಗ ಒಂದರಲ್ಲಿ ಮಾತ್ರ ಬೇರೆ ಬರೆದಿತ್ತು. ಕಿಟಕಿಯ ಪಕ್ಕ ಕೂರುತ್ತಿದ್ದ, ಹೆಚ್ಚು ಮಾತನಾಡದ ಹುಡುಗಿ. "ದೀಪ ಉರಿಯುವಾಗ ನೀರು ಸುಮ್ಮನೆ ಇತ್ತು. ಲೋಟದ ಬಾಯಿಯಿಂದ ಎರಡು ಮೂರು ಗುಳ್ಳೆ ಬಂದವು. ದೀಪ ಆರಿದ ಮೇಲೆ ನೀರು ಸರಕ್ಕನೆ ಮೇಲೆ ಬಂತು." ಬೋರ್ಡಿನ ಸಾಲನ್ನು ಬರೆದು, ಹೊಡೆದುಹಾಕಿ, ಅದರ ಕೆಳಗೆ ಇದನ್ನು ಬರೆದಿದ್ದಳು. ನಾನು ಆ ಮೂರು ವಾಕ್ಯಗಳ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಸರಿಯಾಗಿ ಗಮನಿಸು" ಎಂದು ಬರೆದೆ. ಬೋರ್ಡಿನ ಉತ್ತರವನ್ನು ಮೂರು ಸಲ ಬರೆದು ತರುವಂತೆ ಹೇಳಿದೆ. ಮರುದಿನ ಬರೆದು ತಂದಳು, ದುಂಡಗಿನ ಅಕ್ಷರದಲ್ಲಿ.

ಮುಂದಿನ ವರ್ಷ ಅವಳು ಏಳನೇ ತರಗತಿ. ಬೀಜ ಮೊಳೆಯುವುದನ್ನು ನೋಡಲು ಪ್ರತಿಯೊಬ್ಬರಿಗೂ ಮೂರು ತೆಂಗಿನ ಕರಟ ತರಲು ಹೇಳಿದ್ದೆ. ನಮ್ಮ ಕಡೆ ಕರಟಕ್ಕೆ ಬರವಿಲ್ಲ. ಒಂದರಲ್ಲಿ ಒಣ ಹೆಸರುಕಾಳು, ಒಂದರಲ್ಲಿ ಒದ್ದೆ ಬಟ್ಟೆಯೊಳಗಿನ ಕಾಳು, ಇನ್ನೊಂದರಲ್ಲಿ ನೀರಿನೊಳಗೆ ಮುಳುಗಿಸಿದ ಕಾಳು. ನಾಲ್ಕನೆಯ ದಿನ ಅವಳ ಎರಡನೆಯ ಕರಟದ ಬಟ್ಟೆಯನ್ನು ಬಿಡಿಸಿದರೆ ಕಾಳುಗಳೆಲ್ಲ ಬೂಷ್ಟು ಹಿಡಿದು ಲೋಳೆಯಾಗಿದ್ದವು, ವಾಸನೆ ಬರುತ್ತಿತ್ತು. ಒಂದಕ್ಕೂ ಮೊಳಕೆಯಿಲ್ಲ. ಅವಳ ಪುಸ್ತಕವನ್ನು ತೆರೆದೆ. "ಒದ್ದೆ ಬಟ್ಟೆಯಲ್ಲಿದ್ದ ಎಲ್ಲಾ ಕಾಳುಗಳು ಮೊಳಕೆಯೊಡೆದಿವೆ" ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಮೊಳಕೆಯ ಚಿತ್ರ ಬಿಡಿಸಿದ್ದಳು. ಎಲ್ಲಿಯೂ ಚಿತ್ತಿಲ್ಲ, ಕಾಟಿಲ್ಲ.

"ಇದು ಹೀಗಿದೆಯಲ್ಲ ಪುಟ್ಟಿ, ಅಲ್ಲಿ ಹಾಗೆ ಏಕೆ ಬರೆದೆ?" ಎಂದೆ.

"ಬೋರ್ಡಿನಲ್ಲಿ ಹಾಗೆಯೇ ಇತ್ತು ಮಿಸ್."

ಅವಳ ಧ್ವನಿಯಲ್ಲಿ ಮುನಿಸಿರಲಿಲ್ಲ. ನಾನು ಕಲಿಸಿದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು.

ಅವಳು ಮೇಣದಬತ್ತಿಯ ಬಗ್ಗೆ ಬರೆದದ್ದೇ ಸರಿ ಎಂದು ನನಗೆ ತಿಳಿದದ್ದು ಅದಕ್ಕೂ ನಾಲ್ಕು ವರ್ಷ ತಡವಾಗಿ, ಒಂದು ಶಿಕ್ಷಕರ ತರಬೇತಿಯಲ್ಲಿ. ಸಂಪನ್ಮೂಲ ವ್ಯಕ್ತಿ ಅದೇ ಲೋಟದಲ್ಲಿ ಮೊದಲು ಒಂದು ಬತ್ತಿ, ಆಮೇಲೆ ಮೂರು ಬತ್ತಿ ಇಟ್ಟು ತೋರಿಸಿದರು. ಮೂರು ಬತ್ತಿಗೆ ನೀರು ಇನ್ನೂ ಮೇಲೇರಿತು. ಲೋಟ ಅದೇ ಆದಾಗ ಒಳಗಿನ ಆಮ್ಲಜನಕವೂ ಅಷ್ಟೇ ಅಲ್ಲವೇ, ಹಾಗಿದ್ದರೆ ಹೆಚ್ಚು ನೀರು ಏಕೆ ಏರಿತು ಎಂದು ಕೇಳಿದರು. ಉರಿಯುವ ಬತ್ತಿ ಗಾಳಿಯನ್ನು ಬಿಸಿ ಮಾಡುತ್ತದೆ, ಅದು ಹಿಗ್ಗಿ ಒಂದಷ್ಟು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ತಟ್ಟೆಯ ನೀರನ್ನು ಒಳಗೆ ತಳ್ಳುತ್ತದೆ. ಆಮ್ಲಜನಕ ಖರ್ಚಾಗುವುದು ನಿಜ, ಆದರೆ ಅದರ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬರುತ್ತವೆ. ಆ ನೀರಾವಿ ಲೋಟದ ಗೋಡೆಗೆ ಹನಿಗಟ್ಟುವುದರಿಂದಲೂ ನೀರು ಸ್ವಲ್ಪ ಏರುತ್ತದೆ. ಅದೂ ಅಲ್ಲದೆ ಆಮ್ಲಜನಕ ಪೂರ್ತಿ ಮುಗಿಯುವುದೇ ಇಲ್ಲ: ಗಾಳಿಯಲ್ಲಿ ಶೇ. 21ರಷ್ಟಿರುವುದು ಸುಮಾರು ಶೇ. 16ಕ್ಕೆ ಇಳಿಯುವಷ್ಟರಲ್ಲಿ ಬತ್ತಿ ಆರಿಹೋಗುತ್ತದೆ. ಗುಳ್ಳೆ, ಆರಿದ ಮೇಲೆ ಏರಿದ ನೀರು, ಎಲ್ಲವೂ ಆ ಮಗುವಿನ ಮೂರು ವಾಕ್ಯಗಳಲ್ಲಿತ್ತು. ಆ ವೇಳೆಗೆ ಅವಳ ಮನೆಯವರು ಕೆಲಸ ಹುಡುಕಿಕೊಂಡು ಊರು ಬಿಟ್ಟಿದ್ದರು. ನೀನು ಬರೆದದ್ದೇ ಸರಿ ಎಂದು ಅವಳಿಗೆ ಹೇಳಲು ನನಗೆ ಇಂದಿಗೂ ಆಗಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನಿಯಮದ ಪಟ್ಟಿ ಏನು ಹೇಳಿದರೂ, ಯಾವ ಉತ್ತರ ಕೇಳಿದಾಗ ನಿಮ್ಮ ಮುಖ ಅರಳುತ್ತದೆ, ಯಾವುದಕ್ಕೆ ಹುಬ್ಬು ಗಂಟಿಕ್ಕುತ್ತದೆ ಎಂಬುದನ್ನು 11 ವರ್ಷದ ಮಕ್ಕಳು ಒಂದೇ ವಾರದಲ್ಲಿ ಓದಿಕೊಳ್ಳುತ್ತಾರೆ. ನಿಮ್ಮ ನಿರೀಕ್ಷೆ ಅವರಿಗೆ ತಿಳಿಯುವುದು ಹಾಗೆ. ಮೊದಲ ದಿನ ಗೋಡೆಗೆ ಏನನ್ನೂ ಅಂಟಿಸಬೇಡಿ.

ಸುರಕ್ಷತೆಯ ಮಾತು ಬೇರೆ, ಅದರಲ್ಲಿ ರಾಜಿಯಿಲ್ಲ. ಬೆಂಕಿಯ ಹತ್ತಿರ ಬರುವಾಗ ಜಡೆ ಹಿಂದಕ್ಕಿರಬೇಕು, ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬಾರದು, ವಿದ್ಯುತ್ ಪಾಠಕ್ಕೆ ಟಾರ್ಚಿನ ಸೆಲ್ ಮಾತ್ರ, ಗೋಡೆಯ ಪ್ಲಗ್ಗಿನ ಹತ್ತಿರವೂ ಹೋಗಬಾರದು.

ನೋಟ್ಸ್ ವಿಷಯಕ್ಕೆ ಬಂದರೆ, ಈಗ ನನ್ನ ಮಕ್ಕಳು ಎಡಪುಟದಲ್ಲಿ "ಏನಾಗಬಹುದು" ಎಂದೂ ಬಲಪುಟದಲ್ಲಿ "ಏನಾಯಿತು" ಎಂದೂ ಬರೆಯುತ್ತಾರೆ. ಎಡಪುಟವನ್ನು ಕಡ್ಡಿ ಗೀರುವ ಮೊದಲೇ ಬರೆಯಬೇಕು, ಪೆನ್ನಿನಲ್ಲಿ, ಆಮೇಲೆ ತಿದ್ದುವಂತಿಲ್ಲ. ಅಲ್ಲಿ ತಪ್ಪಿದ್ದರೆ ಅಂಕ ಕಡಿಮೆಯಾಗುವುದಿಲ್ಲ. ತೀರ್ಮಾನವನ್ನು ಎಲ್ಲರ ಬಲಪುಟಗಳನ್ನು ಜೋರಾಗಿ ಓದಿಸಿದ ಮೇಲೆ ಒಟ್ಟಿಗೆ ಬರೆಯುತ್ತೇವೆ. ಇಬ್ಬರು ಬೇರೆ ಬೇರೆ ಕಂಡಿದ್ದರೆ ಮತ್ತೊಮ್ಮೆ ಮಾಡುತ್ತೇವೆ. ಕೆಲವು ದಿನ ಗಂಟೆ ಹೊಡೆದರೂ ತೀರ್ಮಾನ ಸಿಗುವುದಿಲ್ಲ, ಆ ಜಾಗ ನಾಳೆಗೆ ಖಾಲಿ ಉಳಿಯುತ್ತದೆ. ಎಲ್ಲವನ್ನೂ ಮಗುವೇ ಕಂಡುಕೊಳ್ಳಲಿ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಒಣಗಲು ಹಾಕಿದ ಬಟ್ಟೆಯ ನೀರು ಎಲ್ಲಿ ಹೋಯಿತು ಎಂದು ಮಗು ಯೋಚಿಸಬಲ್ಲದು, ಅದಕ್ಕೆ ಬಾಷ್ಪೀಕರಣ ಎನ್ನುತ್ತಾರೆ ಎಂದು ನಾವೇ ಹೇಳಬೇಕು. ಹೆಸರು ಮಾತ್ರ ಅನುಭವದ ನಂತರ ಬರಲಿ.

ಪ್ರಯೋಗಾಲಯವಿಲ್ಲ ಎಂದು ಕೈಕಟ್ಟಿ ಕೂರಬೇಡಿ. ಅರಿಶಿನ ಬಳಿದ ಕಾಗದಕ್ಕೆ ಸೋಪಿನ ನೀರು ಬಿದ್ದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಇಷ್ಟಕ್ಕೆ ಬೇಕಾದದ್ದೆಲ್ಲ ಬಿಸಿಯೂಟದ ಕೋಣೆಯಲ್ಲಿಯೇ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಕಾರ್ಯಕ್ರಮ 2002ರವರೆಗೂ ನಡೆಯಿತು. ಹಳ್ಳಿಯ ಸರ್ಕಾರಿ ಶಾಲೆಗಳ ಮಕ್ಕಳು ತಾವೇ ಪ್ರಯೋಗ ಮಾಡಿ ತಾವೇ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಗೆ ಪುಸ್ತಕಗಳನ್ನು ಒಯ್ಯಬಹುದಿತ್ತು. ಹಳ್ಳಿ ಶಾಲೆಯಲ್ಲಿ ಇದು ಆಗದು ಎಂದು ಯಾರಾದರೂ ಹೇಳಿದರೆ ನಾನು ಈ ಮೂವತ್ತು ವರ್ಷಗಳನ್ನು ನೆನಪಿಸುತ್ತೇನೆ.

ತಪಾಸಣೆಗೆ ಬಂದವರು ಚಿತ್ತು ಕಾಟು ನೋಡಿ ಕೇಳಿದರೆ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಆ ಮಗುವನ್ನೇ ಕರೆದು ವಿವರಿಸಲು ಹೇಳಿ. ನಾನು ಹಾಗೆ ಮಾಡಿದ ಪ್ರತಿ ಸಲವೂ ಅವರು ಪುಸ್ತಕ ಮುಚ್ಚಿ ಮಗುವಿನ ಜೊತೆ ಮಾತಿಗೆ ಕುಳಿತಿದ್ದಾರೆ.

ಮೊದಲ ದಿನ ಶಾಲೆಗೆ ಹೋಗುವಾಗ ನಾಲ್ಕು ಮೇಣದಬತ್ತಿ, ಬೆಂಕಿಪೆಟ್ಟಿಗೆ, ಸ್ವಲ್ಪ ಇಂಕ್, ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಂಡು ಹೋಗಿ. ಒಂದು ಬತ್ತಿಯದನ್ನು ಮೊದಲು ಮಾಡಿ, ಮೂರು ಬತ್ತಿಯದನ್ನು ಮರುದಿನಕ್ಕೆ ಉಳಿಸಿಕೊಳ್ಳಿ. ತೆಳು ಗಾಜಿನ ಲೋಟವಾದರೆ ಒಳ್ಳೆಯದು, ದಪ್ಪನೆಯದು ಮೂರು ಬತ್ತಿಯ ಜ್ವಾಲೆ ಒಂದೇ ಕಡೆ ತಾಗಿದರೆ ಸೀಳಬಹುದು. ಬೋರ್ಡನ್ನು ಚೆನ್ನಾಗಿ ಒರೆಸಿಡಿ.