ಅಕ್ಕನ ಹೆಸರು ಹಾಕಿಕೊಂಡು ನಡೆಯಬಹುದಾ?

ಮಂಡ್ಯ ಕಡೆಯ ಒಂದು ಹಳ್ಳಿಯ ಮಹಿಳೆ. ವಯಸ್ಸು ನಲವತ್ತರ ಆಸುಪಾಸು. ಮೈಸೂರಿನಲ್ಲಿ ನನ್ನ ಹತ್ತಿರ ಬಂದಾಗ ಅವರು ಕೇಳಿದ್ದು ಇಷ್ಟೇ: "ಮೇಡಂ, ಕ್ಯಾನ್ಸರ್ ನಡಿಗೆಗೆ ಹೆಸರು ಕೊಟ್ಟಿದ್ದೀನಿ. ಹೋಗ್ಲಾ, ಬೇಡ್ವಾ?" ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ತಂಗಿ ಎಂದೇ ಕರೆಯುತ್ತೇನೆ.

ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. ಅದರ ಹತ್ತಿರದ ಒಂದು ಭಾನುವಾರ ಮೈಸೂರಿನಲ್ಲಿ ನಡಿಗೆ ಇತ್ತು. ಸೇರುವ ಹಣ ಬಡ ರೋಗಿಗಳ ಔಷಧಿಗೆ. ಯಾರ ನೆನಪಿಗೆ ನಡೆಯುತ್ತೀರೋ ಅವರ ಹೆಸರನ್ನು ಟೀ ಶರ್ಟಿನ ಬೆನ್ನಿಗೆ ಅಂಟಿಸಿಕೊಳ್ಳಬಹುದಿತ್ತು. ತಂಗಿಯ ಅಕ್ಕ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆ ಹೆಸರು ಬರೆಸಬೇಕು ಅಂತ ಇವರಿಗೆ ಆಸೆ. ಭಾವನಿಗೆ ಅದು ಸುತರಾಂ ಇಷ್ಟವಿಲ್ಲ. "ಮಗಳಿಗೆ ಗಂಡು ನೋಡ್ತಿದ್ದೀವಿ. ತಾಯಿಗೆ ಆ ಕಾಯಿಲೆ ಇತ್ತು ಅಂತ ಗೊತ್ತಾದ್ರೆ ಯಾರು ಬರ್ತಾರೆ?" ಅಂದರಂತೆ.

ಕಾಯಿಲೆಯನ್ನು ಊರಿಂದ ಮುಚ್ಚಿಟ್ಟಿದ್ದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ನೆಂಟರ ಮನೆಗೆ ಎಂದರು. ಕೀಮೋದಿಂದ ಕೂದಲು ಉದುರಿದಾಗ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟದ್ದು ಎಂದರು. ತಿಥಿಗೆ ಬಂದವರಿಗೆ ಹೇಳಿದ್ದು ಲಿವರ್ ತೊಂದರೆ ಅಂತ. ಸ್ವಂತ ಅಕ್ಕ ಯಾವುದರಿಂದ ಸತ್ತಳು ಎಂದು ಯಾರ ಹತ್ತಿರವೂ ಹೇಳಿ ಅಳಲು ಆಗಲಿಲ್ಲ, ಇದು ಅವರೊಳಗೆ ಕೂತಿತ್ತು. ದುಃಖಕ್ಕೆ ಕೇಳುವವರು ಬೇಕು. ಸುಳ್ಳು ಕಾರಣ ಕೊಟ್ಟ ಮನೆಯಲ್ಲಿ ಸಮಾಧಾನ ಹೇಳಲು ಬಂದವರೂ ಆ ಸುಳ್ಳಿಗೇ ಸಮಾಧಾನ ಹೇಳಿ ಹೋಗುತ್ತಾರೆ. ನಡಿಗೆಯ ಸುದ್ದಿ ಕೇಳಿದ ಕೂಡಲೇ ತಂಗಿ ಹೆಸರು ಕೊಟ್ಟದ್ದು ಯಾಕೆ ಅಂತ ನನಗೆ ಅಲ್ಲೇ ಅರ್ಥವಾಯಿತು.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಎದೆಯಲ್ಲಿ ಗಡ್ಡೆ ಇದೆ ಅಂತ ಅಕ್ಕ ಮೊದಲು ಹೇಳಿದ್ದು ಇವರಿಗೇ. "ನೋವಿದೆಯಾ ಅಂತ ಕೇಳಿದೆ ಮೇಡಂ. ಇಲ್ಲ ಅಂದ್ಲು. ಹಾಗಾದ್ರೆ ಕಬ್ಬು ಕಡಿದು ಮುಗೀಲಿ, ಆಮೇಲೆ ತೋರಿಸೋಣ ಅಂದೆ." ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ಅಷ್ಟೂ ದೂರ ಬರಿಗಾಲಲ್ಲಿ ನಡೆಯಬೇಕು ಅಂತ ಅವರು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದರು, ತಪ್ಪುಕಾಣಿಕೆಯ ಹಾಗೆ.

ನಾನು "ನಿಮ್ಮ ತಪ್ಪೇನೂ ಇಲ್ಲ ಬಿಡಿ" ಅನ್ನಲಿಲ್ಲ. ಆ ಮಾತನ್ನು ಯಾರೂ ನಂಬುವುದಿಲ್ಲ. ಬದಲಿಗೆ ಆ ದಿನ ನಿಮಗೆ ಏನು ಗೊತ್ತಿತ್ತು ಅಂತ ಕೇಳಿದೆ. ನೋವಿದ್ದರೆ ಮಾತ್ರ ಕಾಯಿಲೆ ಅಂತ ಗೊತ್ತಿತ್ತು. ಅದನ್ನೇ ಅಕ್ಕನೂ ನಂಬಿದ್ದರು, ಭಾವನೂ ನಂಬಿದ್ದರು. ಆದರೆ ಸ್ತನ ಕ್ಯಾನ್ಸರ್ ಗಡ್ಡೆಗೆ ಶುರುವಿನಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಹೆಂಗಸರು ತಡಮಾಡುವುದಕ್ಕೆ ಇದೇ ಒಂದು ದೊಡ್ಡ ಕಾರಣ. ಈಗ ಗೊತ್ತಾದದ್ದನ್ನು ಅಂದೇ ಗೊತ್ತಿತ್ತು ಎಂಬಂತೆ ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವುದು ನ್ಯಾಯವಲ್ಲ. ತಂಗಿ ತುಂಬ ಹೊತ್ತು ಅತ್ತರು. ನಾನು ಮಧ್ಯೆ ಮಾತಾಡಲಿಲ್ಲ.

ಭಾವನ ಬಗ್ಗೆ ನನಗೆ ಸಿಟ್ಟಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಮಗಳ ಬದುಕನ್ನಾದರೂ ಕಾಯಬೇಕು ಅಂತ ಒದ್ದಾಡುತ್ತಿದ್ದಾರೆ. ಸಂಬಂಧ ಕುದುರಿಸುವಾಗ ಇಂಥ ಮಾತು ಬರುತ್ತದೆ ಎಂಬುದೂ ನಿಜವೇ. ಆದರೆ ಅವರ ಲೆಕ್ಕ ಒಂದು ಕಡೆ ತಪ್ಪಿದೆ. ಕ್ಯಾನ್ಸರ್ ಅಂಟುರೋಗವಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುವುದು ನೂರಕ್ಕೆ ಸುಮಾರು 5ರಿಂದ 10 ಮಾತ್ರ. ಹಾಗಂತ ಮಗಳಿಗೆ ಇದು ಸಂಬಂಧವೇ ಇಲ್ಲದ ವಿಷಯವೂ ಅಲ್ಲ. ತಾಯಿಗೆ ಎಷ್ಟನೇ ವಯಸ್ಸಿನಲ್ಲಿ ಬಂತು ಅನ್ನುವುದನ್ನು ಆಕೆ ತನ್ನ ಡಾಕ್ಟರಿಗೆ ಹೇಳಲೇಬೇಕು. ತಪಾಸಣೆ ಯಾವಾಗ ಶುರು ಮಾಡಬೇಕು, ಜೀನ್ ಪರೀಕ್ಷೆ ಬೇಕಾ ಅನ್ನುವುದನ್ನು ಅವರು ಅದರ ಮೇಲೆ ತೀರ್ಮಾನಿಸುತ್ತಾರೆ. ಊರಿಂದ ಮುಚ್ಚಿಡುವುದು ಬೇರೆ, ಮಗಳ ಡಾಕ್ಟರಿಂದ ಮುಚ್ಚಿಡುವುದು ಬೇರೆ. ನಡಿಗೆಗಿಂತ ಇದು ನನಗೆ ಮುಖ್ಯ ಅನ್ನಿಸಿತು. ಹಾಗೆಂದು ನೇರವಾಗಿಯೇ ಹೇಳಿದೆ.

ನಡಿಗೆ ಬಗ್ಗೆ ನನ್ನ ಸಲಹೆ ಹೀಗಿತ್ತು. ಹೋಗಿ, ಖಂಡಿತ ಹೋಗಿ. ಆದರೆ ರಸ್ತೆಗೆ ಹೇಳುವ ಮೊದಲು ಮನೆಯಲ್ಲಿ ಹೇಳಿ. ಅಕ್ಕನ ಹೆಸರು ನಿಮ್ಮದೂ ಹೌದು, ಮಗಳದೂ ಹೌದು. ಅವಳನ್ನು ಕೂರಿಸಿಕೊಂಡು ಕೇಳಿ. ಅವಳು ಈಗ ಬೇಡ ಅಂದರೆ ಪೂರ್ತಿ ಹೆಸರು ಬೇಡ, ಸುಮ್ನೆ "ಅಕ್ಕನಿಗಾಗಿ" ಎಂದು ಬರೆಸಿ. ಫೋಟೊ ಫೇಸ್‌ಬುಕ್‌ಗೆ, ವಾಟ್ಸಾಪ್ ಗುಂಪಿಗೆ ಹೋಗುತ್ತದೆ ಎಂಬುದನ್ನೂ ಮೊದಲೇ ತಿಳಿಸಿ. ಬರಿಗಾಲು ಬೇಡ. ನಿಮಗೆ ಬಿ.ಪಿ. ಇದೆ, ಮಾತ್ರೆ ತಗೊಂಡು, ಒಳ್ಳೆ ಚಪ್ಪಲಿ ಹಾಕಿಕೊಂಡು ಹೋಗಿ. ಸಾಕಾದರೆ ಅರ್ಧಕ್ಕೆ ಕೂತುಬಿಡಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ, ಯಾವ ಆಸ್ಪತ್ರೆಯ ರೋಗಿಗಳಿಗೆ ಹೋಗುತ್ತದೆ ಎಂದೂ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನೂ ಒಂದು ಹೇಳಿದೆ. ನಡಿಗೆಯ ದಿನ ಜನ, ತಮಟೆ, ಘೋಷಣೆ ಎಲ್ಲ ಸೇರಿ ಎದೆ ತುಂಬಿ ಬರುತ್ತದೆ. ಕಷ್ಟವಾಗುವುದು ಮಾರನೇ ದಿನ. ಸೋಮವಾರ ಒಬ್ಬರೇ ಇರಬೇಡಿ.

ಮಗಳ ಉತ್ತರ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. "ಅಮ್ಮನ ಕಾಯಿಲೆ ಕೇಳಿ ಓಡಿಹೋಗೋ ಮನೆ ನನಗೆ ಬೇಡ ಚಿಕ್ಕಮ್ಮ" ಅಂದಳಂತೆ. ಆದರೂ ಅಪ್ಪನ ಮನಸ್ಸು ನೋಯಿಸಬಾರದು ಅಂತ ಇಬ್ಬರೂ ಸೇರಿ ಹೆಸರು ಬಿಟ್ಟರು. ಬೆನ್ನಿಗೆ "ಅಕ್ಕನಿಗಾಗಿ", "ಅಮ್ಮನಿಗಾಗಿ" ಎಂದಷ್ಟೇ ಇತ್ತು. ಕೈಯಲ್ಲೊಂದು ರಟ್ಟಿನ ಹಲಗೆ. ಅದರಲ್ಲಿ "ನೋವಿಲ್ಲ ಅಂತ ಗಡ್ಡೆಯನ್ನು ಬಿಡಬೇಡಿ" ಎಂದು ತಂಗಿಯೇ ಬರೆದಿದ್ದರು. ದಾರಿಯಲ್ಲಿ ಹೂ ಮಾರುವ ಹೆಂಗಸೊಬ್ಬರು ಅದನ್ನು ಓದಿಸಿಕೊಂಡು, ಎಲ್ಲಿ ತೋರಿಸಬೇಕು ಅಂತ ವಿಚಾರಿಸಿದರಂತೆ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಅಂತ ತಂಗಿ ಹೇಳಿದ್ದಾರೆ.

ಇಂಥದೇ ಭಾರ ಹೊತ್ತು ಓದುತ್ತಿರುವವರಿಗೆ ಒಂದು ಮಾತು. ನಿದ್ದೆ ಊಟ ಬಿಟ್ಟುಹೋಗಿ ತಿಂಗಳುಗಳಾಗಿದ್ದರೆ, ನಾನೂ ಹೋಗಿಬಿಡಬೇಕು ಎಂಬ ಯೋಚನೆ ಬರುತ್ತಿದ್ದರೆ ನಡಿಗೆಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಗಳು ಡಾಕ್ಟರನ್ನು ಕಂಡು ಬಂದಿದ್ದಾಳೆ. ಭಾವ ನಡಿಗೆಗೆ ಬರಲಿಲ್ಲ, ಆ ಬಗ್ಗೆ ಏನೂ ಕೇಳಲೂ ಇಲ್ಲ. ಅವರ ಜೊತೆ ಮಾತು ಇನ್ನೂ ಬಾಕಿ ಇದೆ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬರಲು ತಂಗಿ ಪ್ರಯತ್ನ ಮಾಡುತ್ತಿದ್ದಾರೆ.