ಇ.ಸಿ. ಬೇಡವೆಂದ ತಂದೆ: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಬೆಂಗಳೂರಿನ ಈ ದಂಪತಿ ನನ್ನಲ್ಲಿಗೆ ಬಂದದ್ದು ಮಗಳ ವಿಷಯಕ್ಕಾಗಿ. ಸಿಇಟಿ ಫಲಿತಾಂಶ ಬಂದು ಕಾಲೇಜು, ಶಾಖೆಗಳ ಆಯ್ಕೆಯನ್ನು ನಮೂದಿಸುವ ಆಪ್ಷನ್ ಎಂಟ್ರಿ ನಡೆಯುತ್ತಿದ್ದಾಗ ಮಗಳು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ (ಇ.ಸಿ.) ಶಾಖೆಯನ್ನು ಮೊದಲ ಆಯ್ಕೆಯಾಗಿ ನಮೂದಿಸಿದ್ದಳು. ತಂದೆ ಅದೇ ರಾತ್ರಿ ಅವಳ ಲಾಗಿನ್ ತೆರೆದು, ಆ ಪಟ್ಟಿಯಲ್ಲಿದ್ದ ಇ.ಸಿ. ಆಯ್ಕೆಗಳನ್ನೆಲ್ಲ ತೆಗೆದು ಕಂಪ್ಯೂಟರ್ ಸೈನ್ಸ್ ತುಂಬಿದ್ದರು. ವಿಷಯ ತಿಳಿದ ಮಗಳು ಅವರೊಡನೆ ಮಾತು ಬಿಟ್ಟಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ತಾಯಿಗೆ ಅಚ್ಚರಿಯಾದದ್ದು ಜಗಳಕ್ಕಲ್ಲ. ಇಪ್ಪತ್ತನಾಲ್ಕು ವರ್ಷ ಅದೇ ವಿದ್ಯೆಯಿಂದ ಮನೆ ನಡೆಸಿದ ಮನುಷ್ಯ ಮಗಳಿಗೆ, "ಅದನ್ನು ಓದಿದರೆ ನನ್ನ ಹಾಗೆ ಆಗ್ತೀಯ" ಎಂದು ಹೇಳಿದ್ದಕ್ಕೆ.

ಮಗಳ ಆಯ್ಕೆಯ ಬಗ್ಗೆ ಮಾತು ಬೆಳೆಸುವ ಮುನ್ನ ಆ "ನನ್ನ ಹಾಗೆ" ಎಂಬುದರ ಅರ್ಥವೇನೆಂದು ತಿಳಿಯಬೇಕಿತ್ತು. ಹಾಗಾಗಿ ಮುಂದಿನ ಭೇಟಿಗೆ ತಂದೆಯೊಬ್ಬರನ್ನೇ ಬರಹೇಳಿದೆ.

ಅವರಿಗೆ ನಲವತ್ತೇಳು ವರ್ಷ. ಸಾಗರದ ಕಡೆಯ ಕೃಷಿಕ ಕುಟುಂಬದವರು. ಬಿ.ಇ. ಮುಗಿಸಿ ಈ ಶತಮಾನದ ಆರಂಭದಲ್ಲಿ ಬೆಂಗಳೂರಿಗೆ ಬಂದಾಗ ಟೆಲಿಕಾಂ ಇಲ್ಲಿನ ಎಂಜಿನಿಯರುಗಳಿಗೆ ಪ್ರತಿಷ್ಠೆಯ ಕ್ಷೇತ್ರವಾಗಿತ್ತು. 1948ರಲ್ಲಿ ಆರಂಭವಾದ, ದೂರವಾಣಿ ಉಪಕರಣ ತಯಾರಿಸುವ ಐಟಿಐ ಕಾರ್ಖಾನೆ ಮತ್ತು 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಈ ಊರಿನಲ್ಲಿ ದೂರವಾಣಿ ವಿದ್ಯೆ ಬಲ್ಲವರ ಒಂದು ಪರಂಪರೆಯನ್ನೇ ಬೆಳೆಸಿದ್ದವು. ಬಹುರಾಷ್ಟ್ರೀಯ ಕಂಪನಿಗಳು ಅದರ ಬೆನ್ನಿಗೇ ಬಂದಿದ್ದವು. ಇವರು ಮೊಬೈಲ್ ಗೋಪುರದ ಉಪಕರಣವಾದ ಜಿಎಸ್‌ಎಂ (2ಜಿ) ಬೇಸ್ ಸ್ಟೇಷನ್ನಿನ ಒಳಗೆ ಓಡುವ ಸಾಫ್ಟ್‌ವೇರ್ ಬರೆಯುವ ತಂಡಕ್ಕೆ ಸೇರಿ, ಅಲ್ಲಿಂದ 3ಜಿಗೆ, ಬಳಿಕ 4ಜಿಯ ಎಲ್‌ಟಿಇಗೆ ನಡೆದರು. ಆ ಅವಧಿಯಲ್ಲಿ ಉದ್ಯಮವೇ ಕುಗ್ಗುತ್ತ ಒಂದರೊಳಗೊಂದು ಸೇರುತ್ತಿತ್ತು: 2009ರಲ್ಲಿ ನಾರ್ಟೆಲ್ ದಿವಾಳಿ ರಕ್ಷಣೆ ಕೋರಿತು, 2011ರಲ್ಲಿ ಮೊಟೊರೊಲಾದ ನೆಟ್‌ವರ್ಕ್ ವಿಭಾಗದ ಬಹುಭಾಗ ನೋಕಿಯಾ ಸೀಮೆನ್ಸ್ ಪಾಲಾಯಿತು, 2016ರಲ್ಲಿ ಆಲ್ಕಾಟೆಲ್-ಲ್ಯೂಸೆಂಟ್ ನೋಕಿಯಾದೊಳಗೆ ಸೇರಿತು. ಇವರ ಸಂಸ್ಥೆಯೂ ಎರಡು ಬಾರಿ ಕೈ ಬದಲಾಯಿಸಿತು. ಕುಳಿತ ಕುರ್ಚಿ ಅದೇ ಇದ್ದು, ಕೊರಳಿನ ಐಡಿ ಕಾರ್ಡ್ ಮಾತ್ರ ಬದಲಾಗುತ್ತಿತ್ತು. ಈಗ ಅವರ ಉತ್ಪನ್ನದ ಕೆಲಸ ಬೇರೆ ದೇಶದ ಕೇಂದ್ರಕ್ಕೆ ಹೋಗಿದೆ. ತಂಡ ಚದುರಿದೆ. ಇವರನ್ನು ಪರೀಕ್ಷೆಗಳಿಗೆ ಪೈಥಾನ್ ಸ್ಕ್ರಿಪ್ಟ್ ಬರೆಯುವ ಗುಂಪಿಗೆ ಹಾಕಿ, ಹದಿನಾಲ್ಕು ವರ್ಷ ಕಿರಿಯರೊಬ್ಬರಿಗೆ ವರದಿ ಮಾಡಲು ಹೇಳಲಾಗಿದೆ. ರಾಜೀನಾಮೆ ಪತ್ರವನ್ನು ಬರೆದಿಟ್ಟುಕೊಂಡಿದ್ದರು. ಊರಿಗೆ ಹೋಗಿ ಅಣ್ಣನ ಜೊತೆ ಅಡಿಕೆ ತೋಟ ನೋಡಿಕೊಳ್ಳುವುದು ಅವರ ಯೋಚನೆ. ಇದಾವುದೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಮೊಬೈಲ್ ಗೋಪುರದ ಸೈಟಿನಲ್ಲಿ ತೊಂದರೆಯಾದಾಗ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತಿದ್ದ ದಿನಗಳಿಂದಲೂ ನಿದ್ದೆ ತೆಳುವಾಗಿತ್ತು. ಈಗ ಕರೆ ಬರದಿರುವುದೇ ಅವರನ್ನು ಎಬ್ಬಿಸುತ್ತಿತ್ತು. ಊಟ, ಆಸಕ್ತಿ, ಬದುಕಿನ ಬಗೆಗಿನ ನಿರಾಶೆ ಇವೆಲ್ಲವನ್ನೂ ವಿಚಾರಿಸಿ, ಖಿನ್ನತೆಯ ತಪಾಸಣೆಗಾಗಿ ಮನೋವೈದ್ಯರಲ್ಲಿಗೂ ರಕ್ತದೊತ್ತಡಕ್ಕಾಗಿ ಕುಟುಂಬ ವೈದ್ಯರಲ್ಲಿಗೂ ಕಳುಹಿಸಿದೆ. ಔಷಧ ಬೇಕಾಗುವಷ್ಟು ತೀವ್ರವಲ್ಲ ಎಂದು ಮನೋವೈದ್ಯರು ತಿಳಿಸಿದ ಮೇಲೆಯೇ ಉದ್ಯೋಗದ ಮಾತಿಗೆ ಇಳಿದೆವು. ಇಂಥ ಸ್ಥಿತಿಯಲ್ಲಿರುವ ಓದುಗರು 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

"ನನಗೆ ಗೊತ್ತಿರೋದು ಲೇಯರ್ 2 ಮಾತ್ರ ಮೇಡಂ, ಅದು ಈಗ ಯಾರಿಗೂ ಬೇಡ" ಎಂದರು (ಲೇಯರ್ 2 ಎಂದರೆ ಫೋನಿಗೂ ಗೋಪುರಕ್ಕೂ ನಡುವೆ ಸಂದೇಶಗಳು ತಪ್ಪಿಲ್ಲದೆ ಸಾಗುವಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಪದರ). ಇದನ್ನು ನಾನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಹೊಗಳಿ ಧೈರ್ಯ ತುಂಬುವುದರಿಂದ ಈ ವಯಸ್ಸಿನವರಿಗೆ ಪ್ರಯೋಜನ ಕಡಿಮೆ ಎಂಬುದು ನನ್ನ ಅನುಭವ. ಬದಲಿಗೆ, ಅವರು ಹಿಡಿದ ಅತ್ಯಂತ ಕಠಿಣ ದೋಷವೊಂದನ್ನು ನನಗೆ ಅರ್ಥವಾಗುವಂತೆ ವಿವರಿಸಲು ಕೇಳಿದೆ.

ಅವರು ಹೇಳಿದ್ದು ಇದು. ಒಂದು ಮಾದರಿಯ ಬೇಸ್ ಸ್ಟೇಷನ್ ಸುಮಾರು ಮೂರೂವರೆ ಗಂಟೆಗೊಮ್ಮೆ ಕೆಲವು ಕರೆಗಳನ್ನು ಕಡಿದುಹಾಕುತ್ತಿತ್ತು. ಪ್ರಯೋಗಾಲಯದಲ್ಲಿ ಪರೀಕ್ಷೆಗಳೆಲ್ಲ ಒಂದು ಗಂಟೆಯೊಳಗೆ ಮುಗಿಯುತ್ತಿದ್ದುದರಿಂದ ದೋಷ ಅಲ್ಲಿ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಜಿಎಸ್‌ಎಂನಲ್ಲಿ ಕಾಲವನ್ನು 4.615 ಮಿಲಿಸೆಕೆಂಡಿನ ಫ್ರೇಮುಗಳಾಗಿ ಎಣಿಸುತ್ತಾರೆ. ಆ ಎಣಿಕೆ 27,15,647ರವರೆಗೆ ಏರಿ ಮತ್ತೆ ಸೊನ್ನೆಗೆ ಮರಳುತ್ತದೆ, ಅಂದರೆ 3 ಗಂಟೆ 28 ನಿಮಿಷ 53.76 ಸೆಕೆಂಡಿಗೊಮ್ಮೆ. ಎರಡು ಫ್ರೇಮ್ ಸಂಖ್ಯೆಗಳಲ್ಲಿ ಯಾವುದು ಮುಂದಿನದು ಎಂದು ಹೋಲಿಸುವ ಒಂದು ಸಾಲು ಆ ಮರಳುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಗಾಗಿ ಎಣಿಕೆ ಸೊನ್ನೆಗೆ ಬರುವ ಹೊತ್ತಿನಲ್ಲಿ, ಇನ್ನೂ ಕಳುಹಿಸಬೇಕಾದ ಸಂದೇಶವನ್ನು ಅವಧಿ ಮೀರಿದ್ದೆಂದು ಎಣಿಸಿ ಎಸೆದುಬಿಡುತ್ತಿತ್ತು. ಕರೆ ಕಡಿಯುವ ಹೊತ್ತುಗಳನ್ನು ಬರೆದಿಟ್ಟು, ನಡುವಿನ ಅಂತರವನ್ನು ಲೆಕ್ಕಹಾಕಿ ಇವರು ಅದನ್ನು ಪತ್ತೆ ಮಾಡಿದ್ದರು.

ಇದನ್ನು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಮುಂದಿನ ಭೇಟಿಗೆ ಇಂಥ ದೋಷಗಳನ್ನು, ಉತ್ಪನ್ನದ ಹೆಸರಾಗಲಿ ಸಂಸ್ಥೆಯ ಗೋಪ್ಯ ವಿವರಗಳಾಗಲಿ ಇಲ್ಲದಂತೆ ಬರೆದು ತರಲು ಹೇಳಿದೆ. ಬರೆದು ತಂದ ಮೇಲೆ ಪ್ರತಿಯೊಂದರ ಮುಂದೆಯೂ ಒಂದು ಪ್ರಶ್ನೆ ಇಟ್ಟೆವು: ಇದನ್ನು ಪತ್ತೆ ಮಾಡಲು ಬೇಕಾದ ತಿಳಿವಳಿಕೆ ಆ ಸಂಸ್ಥೆಗೆ ಸೇರಿದ್ದೋ, ಟೆಲಿಕಾಂಗೆ ಸೇರಿದ್ದೋ, ಅಥವಾ ಯಂತ್ರದೊಳಗೆ ಓಡುವ ಎಲ್ಲ ಸಾಫ್ಟ್‌ವೇರಿಗೂ ಸೇರಿದ್ದೋ? ಸಂಸ್ಥೆಯ ಒಳಗಿನ ಟೂಲುಗಳಿಗೆ ಸಂಬಂಧಿಸಿದ್ದು ನಿಜಕ್ಕೂ ಹೊರಗೆ ಬೆಲೆಯಿಲ್ಲದ್ದು, ಮತ್ತು ಅದು ಕಡಿಮೆಯೇನೂ ಇರಲಿಲ್ಲ. ಆದರೆ ಎಣಿಕೆ ಮರಳುವಿಕೆ, ಎರಡು ಟಾಸ್ಕುಗಳು ಒಂದೇ ಮೆಮೊರಿಗೆ ಕೈಹಾಕುವುದು, ತುರ್ತಾಗಿ ಗಮನ ಸೆಳೆಯುವ ಇಂಟರಪ್ಟ್ ಸಂಕೇತ ತಡವಾಗುವುದು, ಯಂತ್ರ ಸಿಲುಕಿಕೊಂಡಾಗ ಅದನ್ನು ಮತ್ತೆ ಚಾಲೂ ಮಾಡುವ ವಾಚ್‌ಡಾಗ್ ಯಾಕೆ ರೀಸೆಟ್ ಮಾಡಿತೆಂದು, ಕುಸಿದ ಹೊತ್ತಿನ ಮೆಮೊರಿಯ ದಾಖಲೆಯಾದ ಕ್ರ್ಯಾಶ್ ಡಂಪಿನಿಂದ ಹಿಂದಕ್ಕೆ ಓದುವುದು ಇವೆಲ್ಲ ಮೂರನೆಯ ಗುಂಪಿಗೆ ಸೇರಿದವು. ಕಾರಿನ ಬ್ರೇಕ್ ನಿಯಂತ್ರಕದಲ್ಲೂ, ಆಸ್ಪತ್ರೆಯ ಇನ್‌ಫ್ಯೂಷನ್ ಪಂಪಿನಲ್ಲೂ, ವಿದ್ಯುತ್ ಮೀಟರಿನಲ್ಲೂ ಕಾಡುವುದು ಇಂಥ ತೊಂದರೆಗಳೇ. ವಿಂಗಡಣೆಯನ್ನು ಅವರೇ ಮಾಡಿದರು. ನಾನು ಮಾಡಿಕೊಟ್ಟಿದ್ದರೆ ಅದನ್ನು ಸಮಾಧಾನದ ಮಾತೆಂದು ತಳ್ಳಿಹಾಕುತ್ತಿದ್ದರು.

ಬಳಿಕ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು, ಕುಟುಂಬದೊಡನೆ ಲೆಕ್ಕ ಮಾಡುವವರೆಗೆ ರಾಜೀನಾಮೆ ಸಲ್ಲಿಸಬಾರದೆಂಬುದು. ಗೃಹಸಾಲ ಇನ್ನೂ ಬಾಕಿಯಿತ್ತು. ಸಂಸ್ಥೆ ಕೈ ಬದಲಾಯಿಸಿದ ಎರಡೂ ಸಂದರ್ಭಗಳಲ್ಲಿ ಸೇವೆ ಮುಂದುವರಿದಿದೆ ಎಂದು ಹೇಳುವ ಪತ್ರಗಳು ಕೈಯಲ್ಲಿವೆಯೇ ಎಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ. ಗ್ರ್ಯಾಚುಟಿಯನ್ನು ಪ್ರತಿ ಸೇವಾ ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಲೆಕ್ಕಹಾಕುವುದರಿಂದ, ಮೊದಲ ಒಂದೆರಡು ಐಡಿ ಕಾರ್ಡುಗಳ ಕಾಲದ ಸೇವೆ ಕೈಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಭವಿಷ್ಯನಿಧಿಯ ಹಳೆಯ ಖಾತೆಗಳು ಒಂದೇ ಯುಎಎನ್ (ಸದಸ್ಯರ ಶಾಶ್ವತ ಖಾತೆ ಸಂಖ್ಯೆ) ಅಡಿಯಲ್ಲಿ ಕೂಡಿವೆಯೇ ಎಂದು ನೋಡಿಕೊಳ್ಳಲೂ ಹೇಳಿದೆ. ಇವು ಮನಸ್ಸಿನ ವಿಷಯಗಳಲ್ಲವೆಂದು ಕೆಲವು ಸಹೋದ್ಯೋಗಿಗಳು ಹೇಳಬಹುದು. ಆದರೆ ರಾತ್ರಿ ಮೂರರ ಚಿಂತೆಯಲ್ಲಿ ಅರ್ಧ ಇಂಥದ್ದೇ ಆಗಿರುತ್ತದೆ.

ತೋಟದ ಯೋಚನೆಯನ್ನು ನಾನು ನಿರುತ್ಸಾಹಗೊಳಿಸಲಿಲ್ಲ. ಹಬ್ಬಕ್ಕೆ ಹೋದಾಗ ಕಂಡ ತೋಟ ಬೇರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮಳೆ ಬಿಡುವುದನ್ನೂ ಮರ ಹತ್ತುವ ಕೊನೆಗೌಡರು ಬರುವುದನ್ನೂ ಕಾಯುವ ತೋಟ ಬೇರೆ. ಹಾಗಾಗಿ ಮಳೆಗಾಲದಲ್ಲಿ ರಜೆ ಹಾಕಿ ಅಣ್ಣನ ಜೊತೆ ಇದ್ದು ಬರಲು ತಿಳಿಸಿದೆ. ಹೊಸದಾಗಿ ನೆಟ್ಟ ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕೆಂಬುದು ಅವರಿಗೇ ಗೊತ್ತಿತ್ತು.

ಹೊಸ ಕೆಲಸದ ವಿಷಯದಲ್ಲಿ ಅಪ್ರಿಯವಾದದ್ದನ್ನೂ ಹೇಳಬೇಕಾಯಿತು. ವಾಹನ ಕ್ಷೇತ್ರದಲ್ಲಿ ಇವರ ಸಿ ಭಾಷೆಯ ಅನುಭವಕ್ಕೆ ಬೆಲೆಯಿದೆ, ಆದರೆ ಸಿ ಭಾಷೆಯನ್ನು ಸುರಕ್ಷಿತವಾಗಿ ಬರೆಯುವ ಮಿಸ್ರಾ ನಿಯಮಗಳು, ವಾಹನ ಸಾಫ್ಟ್‌ವೇರಿನ ಚೌಕಟ್ಟಾದ ಆಟೋಸಾರ್ ಮತ್ತು ಐಎಸ್‌ಒ 26262 ಸುರಕ್ಷತಾ ಮಾನದಂಡವನ್ನು ಹೊಸದಾಗಿ ಕಲಿಯಬೇಕು, ಸಂಬಳ ಕಡಿಮೆಯಾಗಬಹುದು. ಸಂದರ್ಶನದಲ್ಲಿ ಇಪ್ಪತ್ತೈದರ ಹುಡುಗರಿಗೆ ಕೇಳುವ ಪ್ರಶ್ನೆಗಳನ್ನೇ ಇವರಿಗೂ ಕೇಳುತ್ತಾರೆ. ಅದನ್ನು ಅವಮಾನವೆಂದು ತೆಗೆದುಕೊಂಡರೆ ಅಲ್ಲಿಗೇ ಮುಗಿಯಿತು. ಪೈಥಾನನ್ನು ಶಿಕ್ಷೆಯೆಂದು ಭಾವಿಸದೆ, ಹಗಲಿನ ಪರೀಕ್ಷೆಗಳಲ್ಲಿ ಕಾಣದ ದೋಷಗಳನ್ನು ಇಡೀ ರಾತ್ರಿ ಓಡಿ ಹಿಡಿಯುವ ಪರೀಕ್ಷೆಗಳನ್ನು ಬರೆಯಲು ಬಳಸಬಹುದಲ್ಲವೇ ಎಂದು ಕೇಳಿದಾಗ ಅವರು ಉತ್ತರಿಸಲಿಲ್ಲ, ಬರೆದುಕೊಂಡರು.

ಮಗಳ ಲಾಗಿನ್ ತೆರೆದದ್ದಕ್ಕೆ ಕಾರಣ ಕೊಡದೆ ಕ್ಷಮೆ ಕೇಳಬೇಕೆಂದು ಸ್ಪಷ್ಟವಾಗಿ ಹೇಳಿದೆ. ತಮ್ಮ ಉದ್ಯೋಗದ ಸ್ಥಿತಿಯನ್ನು ಹೆಂಡತಿಗೂ ಮಗಳಿಗೂ ಒಟ್ಟಿಗೆ ತಿಳಿಸಿ, ಆಯ್ಕೆಯ ಪಟ್ಟಿಯನ್ನು ಅವಳಿಗೇ ಬಿಡಬೇಕೆಂದೂ, ಅವಳು ಕೇಳಿದರೆ ಮಾತ್ರ ಆ ಶಾಖೆಯಲ್ಲಿ ಏನೇನಿದೆ ಎಂದು ವಿವರಿಸಬೇಕೆಂದೂ ಸೂಚಿಸಿದೆ. ಅವಧಿ ಮುಗಿಯುವ ಮೊದಲೇ ಅವಳು ಪಟ್ಟಿಯನ್ನು ತನ್ನಿಷ್ಟದಂತೆ ತಿದ್ದಿ, ಇ.ಸಿ.ಗೇ ಸೇರಿದಳು.

ತಂದೆ ಎರಡು ವಾಹನ ಸಂಸ್ಥೆಗಳ ಸಂದರ್ಶನಕ್ಕೆ ಹೋದರು, ಎರಡರಲ್ಲೂ ಆಯ್ಕೆಯಾಗಲಿಲ್ಲ. ಸದ್ಯಕ್ಕೆ ಹಳೆಯ ಸಂಸ್ಥೆಯಲ್ಲೇ, ಅದೇ ಕಿರಿಯ ಮ್ಯಾನೇಜರಿನ ಕೆಳಗೆ ಇದ್ದಾರೆ, ಸಿ++ ಕಲಿಯುತ್ತಿದ್ದಾರೆ. ಸೇವಾ ಪತ್ರಗಳಲ್ಲಿ ಒಂದು ಸಿಕ್ಕಿದೆ, ಇನ್ನೊಂದಕ್ಕೆ ಎಚ್‌.ಆರ್‌. ವಿಭಾಗಕ್ಕೆ ಬರೆದಿದ್ದಾರೆ. ನಿದ್ದೆ ಸುಧಾರಿಸಿದೆ, ಆದರೂ ಪೂರ್ತಿಯಾಗಿಲ್ಲ. ರಾಜೀನಾಮೆಯ ವಿಷಯವನ್ನು ತನ್ನಿಂದ ಮುಚ್ಚಿಟ್ಟದ್ದನ್ನು ಹೆಂಡತಿ ಇನ್ನೂ ಮರೆತಿಲ್ಲವಾದ್ದರಿಂದ ಮುಂದಿನ ಭೇಟಿಗೆ ಇಬ್ಬರನ್ನೂ ಒಟ್ಟಿಗೆ ಬರಹೇಳಿದ್ದೇನೆ.