ಅಜ್ಜಿ ಹಂಪಮ್ಮ, ಮೊಮ್ಮಗಳು ಪಂಪಾ

ಗಂಗಾವತಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಾಗಿದೆ, ಸಾರ ಮಾತ್ರ ಇಲ್ಲಿ ಕೊಡುತ್ತೇನೆ:

"ನಮಗೆ ಹೆಣ್ಣು ಮಗು ಹುಟ್ಟಿದೆ. ಉತ್ತರಾ ನಕ್ಷತ್ರ, ಮೂರನೇ ಪಾದ. 'ಪ' ಅಕ್ಷರದಿಂದ ಹೆಸರಿಡಿ ಎಂದು ಅಯ್ಯನವರು ಹೇಳಿದ್ದಾರೆ. ನಮ್ಮ ಅತ್ತೆಗೆ ಅವರ ತಾಯಿಯ ಹೆಸರು ಹಂಪಮ್ಮ ಅಂತಲೇ ಇಡಬೇಕೆಂಬ ಆಸೆ. 'ಹಾಗಾದರೆ ಪಂಪಾ ಅಂತ ಇಡೋಣ' ಎಂದೆ. ಅದು ಬೇರೆ ಹೆಸರು ಅಂತಾರೆ ಅತ್ತೆ. ನಮ್ಮ ಯಜಮಾನರು ಅದು ಗಂಡಸರ ಹೆಸರು, ಆದಿಕವಿ ಪಂಪ ಅಲ್ವಾ ಅಂತಾರೆ. ನನ್ನ ತಮ್ಮ ಮೊಬೈಲಿನಲ್ಲಿ ಹುಡುಕಿ, ಅದರರ್ಥ ಹುಲ್ಲುಗಾವಲು ಎಂದು ತೋರಿಸಿದ. ಶಾಲೆಯಲ್ಲಿ ಮಕ್ಕಳು ಪಂಪ್‌ಸೆಟ್ ಅಂತ ಕರೆದರೆ ಏನು ಮಾಡೋದು? ತೊಟ್ಟಿಲ ಕಾರ್ಯಕ್ರಮ ಹತ್ತಿರ ಬಂತು, ಬೇಗ ಉತ್ತರ ಕೊಡಿ."

ತಂಗೀ, ಮೊದಲು ಆ ಹುಲ್ಲುಗಾವಲಿನ ಕತೆ ಮುಗಿಸಿಬಿಡೋಣ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಕೆಚುವಾ ಎಂಬ ಭಾಷೆ ಇದೆ. ಆ ಭಾಷೆಯಲ್ಲಿ ಪಂಪಾ ಎಂದರೆ ಬಯಲು. ಅರ್ಜೆಂಟೀನಾದ ದೊಡ್ಡ ಹುಲ್ಲುಗಾವಲಿಗೆ ಪಂಪಾಸ್ ಎಂಬ ಹೆಸರು ಬಂದದ್ದು ಅಲ್ಲಿಂದ. ಉಚ್ಚಾರ ಒಂದೇ, ಅಷ್ಟೇ. ನಮ್ಮ ಪಂಪೆಗೂ ಅದಕ್ಕೂ ಸಂಬಂಧವಿಲ್ಲ. ಮಕ್ಕಳ ಹೆಸರಿನ ಅರ್ಥ ಹೇಳುವ ಜಾಲತಾಣಗಳು ಇಂಥ ಕಲಬೆರಕೆಯನ್ನು ಜಾಸ್ತಿ ಮಾಡುತ್ತವೆ. ನಿಮ್ಮ ತಮ್ಮನ ತಪ್ಪಲ್ಲ.

ನಮ್ಮ ಪಂಪಾ ನೀರಿನ ಹೆಸರು. ತುಂಗಭದ್ರೆಯ ಹಳೆಯ ಹೆಸರೇ ಪಂಪಾ. ನಿಮ್ಮೂರಿನಿಂದ ಆನೆಗೊಂದಿ ಕಡೆ ಹೊರಟರೆ ಸಿಗುವ ಪಂಪಾ ಸರೋವರ ನೀವು ನೋಡಿಯೇ ಇರುತ್ತೀರಿ. ಪಂಚ ಸರೋವರಗಳು ಎಂದು ಎಣಿಸುವಾಗ ಹಿಮಾಲಯದಾಚೆಯ ಮಾನಸದ ಜೊತೆಗೆ ಈ ಕೆರೆಯ ಹೆಸರೂ ಬರುತ್ತದೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡ ಶುರುವಾಗುವುದೇ ಪಂಪೆಯ ದಡದಲ್ಲಿ. ತಾವರೆ ತುಂಬಿದ ಆ ನೀರನ್ನು ನೋಡಿ ರಾಮ ಸೀತೆಯನ್ನು ನೆನೆದು ಅಳುತ್ತಾನೆ. ಮಗುವಿನ ಹೆಸರಿಗೆ ಅರ್ಥ ಏನು ಎಂದು ಯಾರಾದರೂ ಕೇಳಿದರೆ ನದಿ ಅನ್ನಿ, ಕೆರೆ ಅನ್ನಿ, ಎರಡೂ ಸರಿ. ಗಂಗಾ, ತುಂಗಾ, ಕಾವೇರಿ ಎಂದು ಹೆಸರಿಡುವ ನಾಡಿನಲ್ಲಿ ಅದಕ್ಕಿಂತ ಜಾಸ್ತಿ ವಿವರಣೆ ಬೇಡ.

ಆ ನೀರಿಗೆ ಒಂದು ಹೆಣ್ಣಿನ ಕತೆಯೂ ಸೇರಿಕೊಂಡಿದೆ. ಸ್ಥಳಪುರಾಣದ ಪ್ರಕಾರ ಪಂಪಾ ಬ್ರಹ್ಮನ ಮಗಳು. ಶಿವನೇ ಗಂಡನಾಗಬೇಕೆಂದು ಇಲ್ಲಿಯೇ ತಪಸ್ಸಿಗೆ ಕೂತಳು. ಶಿವನ ಮನಸ್ಸು ಕದಲಿಸಲು ಬಂದ ಮನ್ಮಥ ಹೇಮಕೂಟದಲ್ಲಿ ಸುಟ್ಟು ಬೂದಿಯಾದ. ಆಮೇಲೆ ಮದುವೆ ಆಯಿತು. ಹಂಪಿಯಲ್ಲಿ ಈ ಮದುವೆ ಇನ್ನೂ ಪ್ರತಿ ವರ್ಷ ನಡೆಯುತ್ತದೆ. ಚಳಿಗಾಲದಲ್ಲಿ ಫಲಪೂಜೆ, ಅಂದರೆ ನಿಶ್ಚಿತಾರ್ಥ. ಚೈತ್ರದಲ್ಲಿ ಮದುವೆ ಮತ್ತು ಜೋಡಿ ತೇರು. ಪಂಪಾ ಮೊದಲು ಈ ಹೊಳೆದಂಡೆಯ ಊರದೇವತೆಯಾಗಿದ್ದಳು, ಶಿವನೊಂದಿಗೆ ಮದುವೆ ಮಾಡಿಸಿದ್ದು ಆಮೇಲೆ ಎಂದು ಹಂಪಿಯ ಬಗ್ಗೆ ಕೆಲಸ ಮಾಡಿದ ಹಲವು ಸಂಶೋಧಕರು ಹೇಳುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಯಾಕೆ ಗೊತ್ತಾ? ವಿರೂಪಾಕ್ಷನ ಇನ್ನೊಂದು ಹೆಸರು ನೋಡಿ: ಪಂಪಾಪತಿ. ಪಂಪೆಯ ಗಂಡ! ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಗೆ ಶ್ರೀ ವಿರೂಪಾಕ್ಷ ಎಂದು ಅಂಕಿತ ಹಾಕುತ್ತಿದ್ದರು. ಅಂಥ ದೇವರನ್ನೇ ಈ ಸೀಮೆಯ ಜನ ಹೆಂಡತಿಯ ಹೆಸರಿನಿಂದ ಗುರುತಿಸಿದ್ದಾರೆ. ಊರಿನವಳು ಅವಳು, ಅಳಿಯ ಇವನು.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಪಂಪಾ ಬೇರೆ, ಹಂಪಮ್ಮ ಬೇರೆ ಅಂತ ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎರಡೂ ಒಂದೇ. ಹಳಗನ್ನಡದ 'ಪ' ಸುಮಾರು ಹತ್ತನೇ ಶತಮಾನದಿಂದ ಮೆಲ್ಲಗೆ 'ಹ' ಆಗತೊಡಗಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಪಂಪೆ ಹಂಪೆಯಾಗಿ, ನಮ್ಮ ಬಾಯಲ್ಲಿ ಹಂಪಿಯಾಯಿತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪುಸ್ತಕದಿಂದ ಬಂದ ಪಾಪ, ಪುಣ್ಯ, ಪೂಜೆ ಇವತ್ತಿಗೂ 'ಪ' ಆಗಿಯೇ ಉಳಿದಿವೆ. ಪಂಪೆ ಮಾತ್ರ ಹಾಲು ಹೂವಿನ ಜೊತೆಗೆ ಬದಲಾದಳು. ಜನ ಅವಳನ್ನು ಮನೆಮಾತಿನಲ್ಲಿ ಅಷ್ಟು ಕರೆದಿದ್ದರು ಅಂತಲೇ ಅರ್ಥ. ಹಂಪೆಯ ಹರಿಹರ ಕವಿಯಲ್ಲಿ ಎರಡೂ ರೂಪ ಇವೆ. ಅವನ ಶತಕದ ಹೆಸರು ಪಂಪಾಶತಕ, ಅವನು ಕೂಗಿ ಕರೆಯುವ ದೇವರು ಹಂಪೆಯ ವಿರೂಪಾಕ್ಷ. ಹಾಗಾಗಿ ಅಯ್ಯನವರ 'ಪ'ಗೂ ಅತ್ತೆಯವರ 'ಹ'ಗೂ ಜಗಳವೇ ಇಲ್ಲ.

ಎಲ್ಲ ಹಂಪವೂ ಹಂಪಿಯದಲ್ಲ ಅನ್ನುವುದನ್ನೂ ಸುಮ್ನೆ ಹೇಳಿಬಿಡುತ್ತೇನೆ. ವಿದ್ವಾಂಸರಾದ ಹಂಪ ನಾಗರಾಜಯ್ಯನವರ ಹಂಪ ಬಂದದ್ದು ಗೌರಿಬಿದನೂರು ಕಡೆಯ ಹಂಪಸಂದ್ರ ಎಂಬ ಅವರ ಊರಿನಿಂದ.

ಯಜಮಾನರ ಪ್ರಶ್ನೆ ಅರ್ಧ ಸರಿ. ಕವಿ ಪಂಪ ಗಂಡಸೇ, 941ರಲ್ಲಿ ಆದಿಪುರಾಣ ಬರೆದವನು. ನಾಗಚಂದ್ರ ಕೂಡ ಅಭಿನವ ಪಂಪ ಎನಿಸಿಕೊಂಡ. ಆದರೆ ಹೆಣ್ಣುಮಕ್ಕಳೂ ಈ ಹೆಸರಿನಲ್ಲಿ ಹಿಂದಿನಿಂದ ಇದ್ದಾರೆ. 12ನೇ ಶತಮಾನದಲ್ಲಿ ಹುಂಚದ ಸಾಂತರ ಅರಸು ಮನೆತನದಲ್ಲಿ ಪಂಪಾದೇವಿ ಎಂಬ ರಾಜಕುಮಾರಿ ಇದ್ದಳು. ಅಲ್ಲಿಯ ಶಾಸನ ಅವಳ ವಿದ್ಯೆಯನ್ನೂ ಜಿನಭಕ್ತಿಯನ್ನೂ ಹೊಗಳುತ್ತದೆ. ಇನ್ನು ಬಂಗಾಳಕ್ಕೆ ಹೋದರೆ ಪಂಪಾ ಹೆಣ್ಣುಮಕ್ಕಳದೇ ಹೆಸರು. ಅವರ ಬಾಯಲ್ಲಿ ಅದು ಪೊಂಪಾ ಎಂದು ಕೇಳಿಸುತ್ತದೆ. ಕೇರಳದಲ್ಲಿ ಶಬರಿಮಲೆಯ ಕೆಳಗೆ ಹರಿಯುವ ನದಿಯೂ ಪಂಪಾ. ಮಾಲೆ ಹಾಕಿ ಹೋಗಿ ಬಂದವರು ನಿಮ್ಮ ಓಣಿಯಲ್ಲೇ ಹೇಳುತ್ತಾರೆ.

ಹೀಗಿದ್ದೂ ಈ ಹೆಸರು ನಮ್ಮಲ್ಲೇ ಅಪರೂಪವಾಯಿತು. ಗಂಡುಮಕ್ಕಳಲ್ಲಿ ಚೆನ್ನಾಗಿಯೇ ಉಳಿದಿದೆ. ಹೊಸಪೇಟೆ, ಕಂಪ್ಲಿ, ಕೊಪ್ಪಳ, ಸಿಂಧನೂರು, ಎಲ್ಲಿ ಹೋದರೂ ಒಬ್ಬ ಪಂಪಾಪತಿ, ಒಬ್ಬ ಹಂಪಯ್ಯ, ಒಬ್ಬ ಹಂಪನಗೌಡ ಸಿಗುತ್ತಾರೆ. ಹಂಪಮ್ಮ, ಪಂಪಮ್ಮ, ಪಂಪಾವತಿ ಬೇಕೆಂದರೆ ಕಟ್ಟೆಯ ಮೇಲೆ ಕೂತ ಅಜ್ಜಿಯರನ್ನೇ ಕೇಳಬೇಕು. ನಮ್ಮ ಪತ್ರಿಕೆಯ ಹುಟ್ಟುಹಬ್ಬದ ಪುಟಕ್ಕೆ ಬರುವ ಫೋಟೊಗಳ ಕೆಳಗೆ ಆದ್ಯಾ, ಆರಾಧ್ಯಾ, ಸಾನ್ವಿಯರದೇ ರಾಜ್ಯ. ಹಂಪಮ್ಮನನ್ನು ನಾನು ನೋಡುವುದು ಶ್ರದ್ಧಾಂಜಲಿ ಪುಟದಲ್ಲಿ.

ಕಾರಣ ದೇವಿಯ ಮೇಲಿನ ಬೇಸರ ಅಲ್ಲ. 'ಅಮ್ಮ' ಸೇರಿದ ಹೆಸರೆಲ್ಲ ಹಳೆಯದು, ಹಳ್ಳಿಯದು ಎಂಬ ನಾಚಿಕೆ ಬಂತು. ಹುಲಿಗೆಮ್ಮ, ದುರುಗಮ್ಮ, ಹಂಪಮ್ಮ ಎಲ್ಲರೂ ಒಟ್ಟಿಗೇ ಹಿಂದೆ ಸರಿದರು. ಪಂಪಾಪತಿಯಲ್ಲಿ 'ಅಮ್ಮ' ಇಲ್ಲವಲ್ಲ, ಅವನು ಬಚಾವಾದ. ಗಂಡನಿಗೆ ಹೆಸರು ಕೊಟ್ಟವಳ ಹೆಸರೇ ಹೋಯಿತು. ಇದು ನನಗೆ ಸ್ವಲ್ಪ ಸಿಟ್ಟು ತರಿಸುವ ವಿಷಯ. ಆದ್ದರಿಂದ ನನ್ನ ಮತ ಪಕ್ಷಪಾತದ್ದು ಎಂದೇ ತಿಳಿಯಿರಿ.

ನನ್ನ ಮತ ಇದು. ದಾಖಲೆಯಲ್ಲಿ ಪಂಪಾ ಇರಲಿ. ಮನೆಯಲ್ಲಿ ಹಂಪಮ್ಮ ಎಂದೇ ಕರೆಯಿರಿ. ತೊಟ್ಟಿಲಿನ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಎನ್ನುವಾಗ ಎರಡೂ ಹೆಸರು ಹೇಳಲಿ. ಬೆನ್ನಿಗೆ ಬೀಳುವ ಗುದ್ದು ಎರಡು ಜಾಸ್ತಿಯಾಗಬಹುದು, ತಡೆದುಕೊಳ್ಳಲಿ. ಹೊಸತನಕ್ಕೆಂದು ಪಂಪಿತಾ, ಪಂಪಿಕಾ ಎಂದೇನಾದರೂ ಹುಟ್ಟಿಸಬೇಡಿ. ಇರುವ ಹೆಸರು ಎರಡೇ ಅಕ್ಷರದ್ದು, ಬಾಯಿಗೆ ಸಲೀಸು.

ಪಂಪ್‌ಸೆಟ್ ಅಂತ ಒಬ್ಬರಾದರೂ ಕರೆಯುತ್ತಾರೆ, ಖಂಡಿತ. ನಿಮ್ಮದು ಭತ್ತದ ಸೀಮೆ, ಗದ್ದೆಗೆ ನೀರು ಎತ್ತುವ ಪಂಪ್‌ಸೆಟ್ ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಆ ವಯಸ್ಸಿನ ಮಕ್ಕಳು ಯಾವ ಹೆಸರನ್ನು ಬಿಟ್ಟಿದ್ದಾರೆ ಹೇಳಿ? ಆದ್ಯಾಳಿಗೂ ಒಂದು ಅಡ್ಡಹೆಸರು ಕಾದಿರುತ್ತದೆ.

ಕಾಗದಪತ್ರದ ಬಗ್ಗೆ ಗಡಿಬಿಡಿ ಬೇಡ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಮಗುವಿನ ಹೆಸರಿಲ್ಲದೆಯೂ ಅದನ್ನು ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ ವಿಳಂಬ ಶುಲ್ಕ ಕಟ್ಟಬೇಕು. ಅತ್ತೆಯವರ ಜೊತೆ ಮಾತಾಡಿ ಒಪ್ಪಿಸಲು ನಿಮಗೆ ಸಾಕಷ್ಟು ಸಮಯ ಇದೆ. ಹೆಸರು ಸೇರಿಸುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ನೀವೇ ಬರೆದುಕೊಂಡು ಹೋಗಿ. 'ಪ'ದ ಮುಂದೆ 'ಎ' ಅಕ್ಷರ ಹಾಕಿಸಿ, 'ಯು' ಬೇಡ. 'ಯು' ಬಿದ್ದರೆ ಪಂಪ್‌ಸೆಟ್ಟಿನ ಸ್ಪೆಲ್ಲಿಂಗೇ ಆಗುತ್ತದೆ. ಆಧಾರ್‌ನಲ್ಲೂ ಶಾಲೆಯ ದಾಖಲಾತಿಯಲ್ಲೂ ಅದೇ ಇರುವಂತೆ ನೋಡಿಕೊಳ್ಳಿ.